ಅಕ್ಕನನ್ನು ನೋಡಲು ಕಾರಿನಲ್ಲಿ

ಹೊಲಿಗೆ ಯಂತ್ರ ರಿಪೇರಿ ಮಾಡುವವನಿಗಾಗಲಿ ಅವನ ಹೆಂಡತಿಗಾಗಲಿ ಕಾರಿನ ಮೇಲೆ ದ್ವೇಷವೇನೂ ಇರಲಿಲ್ಲ. ಸೈಕಲ್ ತುಳಿಯುವವರೆಲ್ಲ ಕಾರು ಕಂಡರೆ ಉರಿದು ಬೀಳುತ್ತಾರೆ ಎಂದು ಕಾರಿನವರು ಅಂದುಕೊಂಡಿರುತ್ತಾರೆ, ಅಷ್ಟೆ. ಮದುವೆಯಾದಾಗಿನಿಂದ ಇವರೂ ಕೆಲವು ಸಲ ಬಾಡಿಗೆ ಕಾರು ಹತ್ತಿದ್ದುಂಟು. ಮಗಳಿಗೆ ಜ್ವರ ನೆತ್ತಿಗೇರಿದಾಗ ಒಮ್ಮೆ, ಹೆಂಡತಿ ಕಾಲು ಉಳುಕಿಸಿಕೊಂಡಾಗ ಒಮ್ಮೆ, ಸೈಕಲ್ಲಿನ ಹಿಂದೆ ಕಟ್ಟಲಾಗದ ಭಾರಿ ಯಂತ್ರವೊಂದನ್ನು ಗಾರ್ಮೆಂಟ್ಸಿನಿಂದ ತರಬೇಕಾದಾಗ ಇನ್ನೊಮ್ಮೆ. ಪ್ರತಿ ಸಲ ಇಳಿದ ಮೇಲೂ ಇಬ್ಬರಿಗೂ ಕದ್ದು ತಿಂದವರ ಹಾಗೆ ಅನ್ನಿಸುತ್ತಿತ್ತು. ರುಚಿಯಾಗಿಯೇ ಇತ್ತು, ಆದರೆ ಬಾಯಿ ಒರೆಸಿಕೊಂಡು ಮನೆಗೆ ಹೋಗಬೇಕು. ಆದರೂ ಅವಕ್ಕೆಲ್ಲ ಒಂದು ಕಾರಣವಿತ್ತು. ಅಕ್ಕನನ್ನು ನೋಡಲು ಹೋದ ಆ ಭಾನುವಾರದ ಕಾರಿಗೆ ಕಾರಣವಿರಲಿಲ್ಲ. ಇದ್ದದ್ದು ಬರೀ ಜಂಬ.

ಅಕ್ಕನೆಂದರೆ ಅವನ ಪಾಲಿಗೆ ತಾಯಿಯೇ. ಹೆತ್ತವಳು ಬೇಗ ಹೋದ ಮನೆಯಲ್ಲಿ ಅವನ ಮೂಗೊರೆಸಿ, ಅನ್ನ ತಿನ್ನಿಸಿ, ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬಂದವಳು ಅವಳು. ಊರಿನ ಏರು ರಸ್ತೆಯನ್ನು ಅವಳು ಇಳಿಯದೆ ತುಳಿದು ಹತ್ತುತ್ತಿದ್ದಳು. ಮದುವೆಯಾದ ಮೇಲೆ ಸೈಕಲ್ ಬಿಟ್ಟಳು. ಭಾವ ಬ್ಯಾಂಕಿನಲ್ಲಿ ದೊಡ್ಡ ಕೆಲಸದವರು, ಮನೆ ಮುಂದೆ ಕಾರು ನಿಂತಿತ್ತು. ಅವಳ ಸೈಕಲ್ ತಮ್ಮನ ಮನೆಗೆ ಬಂತು. ಈಗ ಅದನ್ನು ತುಳಿಯುತ್ತಿದ್ದವಳು ಅವನ ಹೆಂಡತಿ.

ಮೂರು ವರ್ಷದ ಹಿಂದೆ, ಭಾವ ಹೊಸ ಕಾರು ಕೊಂಡ ವಾರ, ಇವನು ಅಕ್ಕನ ಮನೆಗೆ ಹೋಗಿ ಸೈಕಲ್ಲನ್ನು ಗೋಡೆಗೆ ಒರಗಿಸಿದ್ದ. ಅದು ಜಾರಿ ಕಾರಿನ ಬಾಗಿಲಿನ ಮೇಲೆ ಉದ್ದಕ್ಕೊಂದು ಗೆರೆ ಎಳೆಯಿತು. ಭಾವ ಬೈಯಲಿಲ್ಲ. ಬೆರಳಿಗೆ ಎಂಜಲು ಹಚ್ಚಿ ಗೆರೆಯನ್ನು ಉಜ್ಜಿ ನೋಡಿದರು. ಅದು ಹೋಗಲಿಲ್ಲ. "ಇನ್ಮೇಲೆ ಸೈಕಲ್ಲನ್ನ ಗೇಟಿನ ಹೊರಗೇ ನಿಲ್ಸಪ್ಪ" ಎಂದರು. ನ್ಯಾಯವಾದ ಮಾತೇ. ಆದರೆ ರಿಪೇರಿಯವನಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಸೈಕಲ್ಲಿಗೆ ಆಡಿದ ಮಾತನ್ನು ಮೈಮೇಲೆ ಎಳೆದುಕೊಂಡ, ಚಹಾ ಕುಡಿಯದೆ ಎದ್ದು ಬಂದ, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅಕ್ಕನೇ ಎರಡು ಸಲ ಬಂದಳು. ಇವನು ಬಿಚ್ಚಿಟ್ಟ ಯಂತ್ರದೊಳಗೆ ತಲೆ ತೂರಿಸಿಕೊಂಡು ಹೂಂ, ಉಹೂಂ ಎಂದು ಉತ್ತರ ಕೊಟ್ಟ. ಅವಳು ತಮ್ಮನ ಹೆಂಡತಿಯ ಹತ್ತಿರ ಸ್ವಲ್ಪ ಹೊತ್ತು ಕೂತು ಹೋದಳು.

ಭಾವನಿಗೆ ನಿವೃತ್ತಿಯಾಯಿತು. ಎರಡು ದಿನ ರೈಲಿನಲ್ಲಿ ಕೂತರೆ ಸಿಗುವ ಅವರ ಹುಟ್ಟೂರಿಗೆ ಗಂಡ ಹೆಂಡತಿ ಹೊರಟರು, ಇನ್ನು ಈ ಕಡೆ ಬರುವ ಮಾತಿಲ್ಲ. ಅಕ್ಕ ಪಕ್ಕದ ಮನೆಯವಳ ಕೈಲಿ ಹೇಳಿ ಕಳಿಸಿದಳು: ಭಾನುವಾರ ಬೆಳಗಿನ ರೈಲು, ಸ್ಟೇಷನ್ನಿಗಾದರೂ ಬಂದು ಮುಖ ತೋರಿಸಿ ಹೋಗು. ಆಗಿನ್ನೂ ಎಲ್ಲರ ಜೇಬಿಗೂ ಫೋನ್ ಬಂದಿರಲಿಲ್ಲ. ಹೇಳಿ ಕಳಿಸಿದ ಮೇಲೆ ತಮ್ಮ ಬಂದೇ ಬರುತ್ತಾನೆ ಎಂದು ನಂಬುವುದಷ್ಟೇ ಅವಳಿಗೆ ಉಳಿದದ್ದು.

ಹೋಗಲೇಬೇಕು ಎಂದು ರಿಪೇರಿಯವನಿಗೆ ಆ ಕ್ಷಣವೇ ಅನ್ನಿಸಿತು. ಮೂರು ವರ್ಷದ ಮೊಂಡುತನ ಒಂದೇ ಮಾತಿಗೆ ಕರಗಿಬಿಟ್ಟಿತು. ಅಕ್ಕನ ಕೈ ಹಿಡಿದು ತಪ್ಪಾಯ್ತು ಎನ್ನಬೇಕು, ಅಷ್ಟು ಸಾಕು ಅವನಿಗೆ. ಆದರೆ ಪಕ್ಕದಲ್ಲಿ ಭಾವ ನಿಂತಿರುತ್ತಾರಲ್ಲ. ಬೆವರು ಒರೆಸಿಕೊಳ್ಳುತ್ತ, ಪ್ಯಾಂಟಿನ ಅಂಚಿಗೆ ಚೈನಿನ ಮಸಿ ಮೆತ್ತಿಕೊಂಡು ಅವರ ಮುಂದೆ ನಿಲ್ಲಲು ಮನಸ್ಸು ಒಪ್ಪಲಿಲ್ಲ. ಬಾಡಿಗೆ ಕಾರಿಗೆ ಹೇಳಿ ಬಂದ.

ಹೆಂಡತಿಗೆ ನಗು ಬಂತು. ಸ್ಟೇಷನ್ ಎಷ್ಟು ದೂರ, ಸೈಕಲ್ಲಿನಲ್ಲಿ ಹಾಡು ಹೇಳಿಕೊಂಡು ಹೋಗಿ ಬರಬಹುದು ಎಂದಳು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ಐಶ್ವರ್ಯವೂ ಇಲ್ಲದೆ ಕೊಡೆ ಹಿಡಿಯುವವರನ್ನು ಇವತ್ತೇ ನೋಡಿದ್ದು ಎಂದೂ ಸೇರಿಸಿದಳು. ಅವನು ಕೇಳಿಸಿಕೊಳ್ಳಲಿಲ್ಲ.

ಭಾನುವಾರ ಇಸ್ತ್ರಿಯ ಅಂಗಿ ತೊಟ್ಟು ಕಾರಿನಲ್ಲಿ ಕೂತ. ದಿನಾ ತುಳಿಯುವ ರಸ್ತೆಯೇ, ಆದರೆ ಗುರುತು ಸಿಗದ ಹಾಗಿತ್ತು. ಏರು ಏರೆಂದು ತಿಳಿಯಲಿಲ್ಲ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದೂ ತಿಳಿಯಲಿಲ್ಲ. ಎದುರಿಗೆ ಯಾರಾದರೂ ಅಡ್ಡ ಬಂದಾಗಲೆಲ್ಲ ಅವನ ಬೆರಳುಗಳು ಇಲ್ಲದ ಬ್ರೇಕನ್ನು ಹಿಡಿಯುತ್ತಿದ್ದವು. ಮೂಲೆಯಲ್ಲಿ ಬೀಗದ ಕೈ ಮಾಡುವವನು ಕೂತಿದ್ದ. ದಿನವೂ ಇವನನ್ನು ಕಂಡು ಕೈ ಎತ್ತುವವನು. ಇವತ್ತು ಇವನೇ ಗಾಜಿನ ಹಿಂದಿನಿಂದ ಕೈ ಎತ್ತಿದ. ಬೀಗದವನು ಒಳಗಿದ್ದವನನ್ನು ಬಿಟ್ಟು ಬರೀ ಕಾರನ್ನು ನೋಡಿ, ಧೂಳಿಗೆ ಮುಖ ತಿರುಗಿಸಿಕೊಂಡ. ರಿಪೇರಿಯವನಿಗೆ ಸ್ವಲ್ಪ ಪೆಚ್ಚಾಯಿತು.

ದೊಡ್ಡ ರಸ್ತೆಯಲ್ಲಿ ವಾಹನಗಳು ಕಟ್ಟಿಕೊಂಡಿದ್ದು ಕಂಡು ಅವನ ಜಾಣತನ ಜಾಗೃತವಾಯಿತು. ಎಡಗಡೆಯ ಓಣಿಗೆ ತಿರುಗಿಸಲು ಹೇಳಿದ. ಆಚೆ ಹೋಗಲು ದಾರಿ ಇದೆಯೇ ಎಂದು ಡ್ರೈವರ್ ಅನುಮಾನದಿಂದ ಕೇಳಿದರೆ, ಈ ಊರಿನ ಓಣಿಗಳೆಲ್ಲ ತನಗೆ ಅಂಗೈಗೆರೆ, ಸುಮ್ಮನೆ ನಡಿ ಎಂದ. ಅಂಗೈಗೆರೆ ನಿಜವೇ. ಆದರೆ ಅದನ್ನು ಅವನು ಓದಿದ್ದು ಎರಡು ಚಕ್ರದ ಮೇಲೆ ಕೂತು. ಓಣಿಯ ಕೊನೆಯಲ್ಲಿ ನೆಲಕ್ಕೆ ಹೂಳಿದ ಎರಡು ಕಬ್ಬಿಣದ ಕಂಬ ಎದುರಾದವು. ಸೈಕಲ್ಲಿನಲ್ಲಿ ಅವುಗಳ ನಡುವೆ ತೂರಿ ಹೋಗುವಾಗ ಅವನು ಒಮ್ಮೆಯೂ ಅವನ್ನು ಕಂಬಗಳೆಂದು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕಾರು ನಿಂತಿತು. ಸೈಕಲ್ಲಿನ ಮುದುಕನೊಬ್ಬ ಗಂಟೆ ಬಾರಿಸಿ ಪಕ್ಕದಲ್ಲೇ ದಾಟಿಕೊಂಡು ಹೋದ.

"ಕಾರನ್ನ ಸ್ವಲ್ಪ ಓರೆ ಮಾಡಿದ್ರೆ ತೂರುತ್ತೇನೋ ನೋಡ್ರಿ" ಎಂದಳು ಹೆಂಡತಿ.

ಹಿಂದೆ ಹಾಲಿನ ಗಾಡಿ ಬಂದು ನಿಂತಿತ್ತು. ಅದನ್ನು ಬೇಡಿಕೊಂಡು ಸರಿಸಿ, ಓಣಿಯುದ್ದಕ್ಕೂ ಕಾರನ್ನು ಹಿಂದಕ್ಕೇ ನಡೆಸಿ, ಮತ್ತೆ ದೊಡ್ಡ ರಸ್ತೆಗೆ ಬರುವಷ್ಟರಲ್ಲಿ ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿತ್ತು. ಹೆಂಡತಿಯ ತಮಾಷೆಯೂ ನಿಂತುಹೋಯಿತು. ಗಡಿಯಾರ ನೋಡಲು ಇಬ್ಬರಿಗೂ ಧೈರ್ಯವಿರಲಿಲ್ಲ.

ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ಮೊದಲು ಸಿಗುವುದು ಸೈಕಲ್ ಸ್ಟ್ಯಾಂಡು, ಅದನ್ನು ದಾಟಿದರೆ ಕಾರುಗಳು ನಿಲ್ಲುವ ಮುಂಬಾಗಿಲು. ಸ್ಟ್ಯಾಂಡಿನ ಎದುರು ಹೆಂಗಸೊಬ್ಬಳು ರಸ್ತೆಗೇ ಇಳಿದು, ಬಿಸಿಲಿಗೆ ಕೈ ಅಡ್ಡ ಹಿಡಿದು, ಬರುವ ಸೈಕಲ್ಲುಗಳನ್ನೇ ನೋಡುತ್ತ ನಿಂತಿದ್ದಳು. ಡ್ರೈವರ್ ಒಮ್ಮೆ ಹಾರ್ನ್ ಮಾಡಿದ. ಅವಳು ಸರಿಯಲಿಲ್ಲ. ರಿಪೇರಿಯವನು ತಲೆ ಬಗ್ಗಿಸಿ ಬೂಟಿನ ಧೂಳು ಒರೆಸುತ್ತಿದ್ದ, ಭಾವನಿಗೆ ಏನು ಹೇಳಬೇಕೆಂದು ಬಾಯಿಪಾಠ ಮಾಡುತ್ತಿದ್ದ. ಹೆಂಡತಿ ಮಡಿಲಲ್ಲಿ ಬಾಡಿಗೆಯ ದುಡ್ಡು ಎಣಿಸುತ್ತಿದ್ದಳು. ಕಾರು ನಿಧಾನವಾದದ್ದು ತಿಳಿದು ತಲೆ ಎತ್ತದೆಯೇ ರೇಗಿದ. "ಜೋರಾಗಿ ಹೊಡಿಯಪ್ಪ, ಸರೀತಾರೆ." ಡ್ರೈವರ್ ಜೋರಾಗಿಯೇ ಹೊಡೆದ. ಹೆಂಗಸು ಬೆಚ್ಚಿ ಪಕ್ಕಕ್ಕೆ ನೆಗೆದಳು. ಕಾರು ಮುಂದೆ ಹೋಯಿತು.

ಅವಳು ಅಕ್ಕ. ಕತ್ತು ಎತ್ತಿದ್ದರೆ ಕಾಣುತ್ತಿದ್ದಳು, ಅಷ್ಟು ಹತ್ತಿರ.

ಅವನು ಮುಂಬಾಗಿಲಿನಿಂದ ಓಡಿ ಪ್ಲಾಟ್‌ಫಾರ್ಮಿಗೆ ಬಂದಾಗ ಸೀಟಿ ಆಗಿತ್ತು. ಬೋಗಿಯಿಂದ ಬೋಗಿಗೆ ಇಣುಕುತ್ತ ಓಡಿದ, ಹಿಂದೆ ಹೆಂಡತಿ. ಕಿಟಕಿಯೊಂದರ ಒಳಗಿನಿಂದ ಅಕ್ಕನೇ ಅವನ ಹೆಸರು ಹಿಡಿದು ಕೂಗಿದಳು. ಆಗ ತಾನೇ ಹತ್ತಿ ಕೂತವಳ ಹಾಗೆ ಏದುಸಿರು ಬಿಡುತ್ತಿದ್ದಳು. ಕೂದಲು ಅವನ ನೆನಪಿನಲ್ಲಿದ್ದದ್ದಕ್ಕಿಂತ ಬೆಳ್ಳಗಾಗಿತ್ತು. ಸರಳುಗಳ ನಡುವೆ ಕೈ ತೂರಿಸಿ ಅವನ ಕೆನ್ನೆ ಮುಟ್ಟಿದಳು. ಭಾವ ಅವಳ ಹಿಂದಿನಿಂದ ಬಗ್ಗಿ, ಬಂದೆಯಲ್ಲಪ್ಪ, ಒಳ್ಳೇದಾಯ್ತು, ಮನೆಗೆ ಬರುವುದನ್ನೇ ಬಿಟ್ಟುಬಿಟ್ಟೆಯಲ್ಲ ಎಂದರು. ಕೇಳಿದ್ದರಲ್ಲಿ ಬೇಸರ ಬಿಟ್ಟರೆ ಬೇರೇನೂ ಇರಲಿಲ್ಲ. ಆ ಗೆರೆ ಅವರಿಗೆ ನೆನಪಾದರೂ ಇತ್ತೋ ಇಲ್ಲವೋ. ರಿಪೇರಿಯವನು ಬಾಯಿಪಾಠ ಮಾಡಿದ ಮಾತಿಗೆ ಕೆಲಸವೇ ಇರಲಿಲ್ಲ.

"ಅಷ್ಟು ಹೊತ್ತೂ ಸ್ಟ್ಯಾಂಡ್ ಹತ್ರಾನೇ ಕಾಯ್ತಿದ್ದೆ ಕಣೋ" ಎಂದಳು ಅಕ್ಕ. "ಅಲ್ಲೇ ತಾನೇ ನೀವು ಬರೋದು. ಯಾವನೋ ಕಾರಿನವನು ಮೈಮೇಲೇ ಬಂದ. ಹೆದರಿ ಒಳಗೆ ಬಂದ್ಬಿಟ್ಟೆ. ಇನ್ನೊಂಚೂರು ನಿಂತಿದ್ರೆ ಅಲ್ಲೇ ಸಿಗ್ತಿದ್ರಿ, ಎರಡು ಮಾತಾಡಬಹುದಿತ್ತು. ನಂದೇ ತಪ್ಪು."

ರೈಲು ಕದಲಿತು. ಅವನು ಕಿಟಕಿಯ ಸರಳು ಹಿಡಿದು ಪಕ್ಕದಲ್ಲೇ ನಡೆದ.

"ಸೈಕಲ್ಲು ನೆರಳಲ್ಲೇ ನಿಲ್ಸಿದ್ಯಾ? ಎರಡಕ್ಕೆ ಜಾಗ ಇಡಿ ಅಂತ ಸ್ಟ್ಯಾಂಡಿನವರಿಗೆ ಹೇಳಿದ್ದೆ."

"ಹೂಂ ಅಕ್ಕ" ಎಂದ ರಿಪೇರಿಯವನು. "ಅಲ್ಲೇ ನಿಲ್ಸಿದ್ದೀನಿ."

ಅವಳ ಮುಖಕ್ಕೆ ಸಮಾಧಾನ ಬಂತು. ಹುಷಾರಾಗಿ ಹೋಗಿ, ಬಿಸಿಲು ಜಾಸ್ತಿ ಎಂದಳು. ಆಮೇಲೆ ಸರಳು ಅವನ ಕೈಯಿಂದ ಜಾರಿತು. ತಪ್ಪಾಯ್ತು ಎನ್ನಬೇಕೆಂದು ಬಂದವನು ಸುಳ್ಳು ಹೇಳಿ ಕಳಿಸಿದ.

ರೈಲು ಹೋದ ಮೇಲೆ ಹೆಂಡತಿ, ಯಾಕೆ ಹಾಗಂದಿರಿ ಎಂದು ಮೆಲ್ಲಗೆ ಕೇಳಿದಳು.

"ಆ ಹಾರ್ನ್ ಹೊಡಿಸ್ದೋನು ನಾನೇ ಅಂತ ಹೇಗೆ ಹೇಳ್ಲಿ?" ಎಂದ. ಇಸ್ತ್ರಿಯ ತೋಳಿನಿಂದ ಕಣ್ಣು ಒರೆಸಿಕೊಂಡ. ಇಷ್ಟು ವರ್ಷದ ಸಂಸಾರದಲ್ಲಿ ಅವನು ಅತ್ತದ್ದನ್ನು ಅವಳು ನೋಡಿದ್ದು ಕಡಿಮೆ.

ಅವನು ಕಾರಿನ ಕಡೆ ಹೋಗಲಿಲ್ಲ, ಸ್ಟ್ಯಾಂಡಿನ ಕಡೆ ನಡೆದ. ಹೆಂಡತಿ ಹಿಂದೆ ಹೋದಳು. ಭಾನುವಾರವಾದರೂ ಸ್ಟ್ಯಾಂಡು ತುಂಬಿ ಸೈಕಲ್ಲುಗಳು ಬಿಸಿಲಿಗೂ ಚಾಚಿದ್ದವು. ತಗಡಿನ ಮಾಡಿನ ಕೆಳಗೆ ಮಾತ್ರ ಎರಡು ಸೈಕಲ್ಲಿನಷ್ಟು ಜಾಗ ಖಾಲಿ ಬಿದ್ದಿತ್ತು. ಕೆಂಪು ಅಂಗಿಯವನೊಬ್ಬ ತನ್ನ ಸೈಕಲ್ಲನ್ನು ಅಲ್ಲಿ ತೂರಿಸಲು ಹೋದರೆ ಸ್ಟ್ಯಾಂಡಿನ ಮುದುಕ ಅಡ್ಡ ನಿಂತು ಗದರಿಸುತ್ತಿದ್ದ. ಯಾರೋ ಅಮ್ಮ ಹೇಳಿ ಹೋಗಿದ್ದಾರೆ, ಅವರ ತಮ್ಮನೂ ತಮ್ಮನ ಹೆಂಡತಿಯೂ ಬರುತ್ತಾರೆ, ಮುಟ್ಟಬೇಡ ಎನ್ನುತ್ತಿದ್ದ.

ರಿಪೇರಿಯವನು ಹತ್ತಿರ ಹೋದ.

"ಆ ಜಾಗ ಅವರಿಗೆ ಕೊಟ್ಬಿಡಿ. ಅವರು ಬರೋದಿಲ್ಲ."

ಮುದುಕ ಅವನ ಇಸ್ತ್ರಿಯ ಅಂಗಿ ನೋಡಿದ, ಒರೆಸಿದ ಬೂಟು ನೋಡಿದ. ಹಿಂದೆ ಇವರನ್ನು ಹುಡುಕಿಕೊಂಡು ಬಂದು ನಿಂತಿದ್ದ ಕಾರನ್ನೂ ಡ್ರೈವರನ್ನೂ ನೋಡಿದ.

"ಬರ್ತಾರೆ ಸ್ವಾಮಿ" ಎಂದ. "ಅಕ್ಕ ಕಾಯ್ತಿದ್ದಾರೆ ಅಂದ್ರೆ ತಮ್ಮ ಬರದೇ ಇರ್ತಾನಾ? ನೀವು ಕಾರಿನವರು, ನಿಮಗೆ ಗೊತ್ತಾಗಲ್ಲ."