ದಂಡ ಹಿಡಿದವನ ಹಿಂದೆ

ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿದೆ, ಬೇಸಿಗೆ ಇನ್ನೂ ಶುರುವಾಗಿಲ್ಲ, ಮೇ ತಿಂಗಳಲ್ಲೇ ಈ ಗತಿ, ಅದರ ಮೇಲೆ ಈ ವೆಲ್ವೆಟ್ ನಿಲುವಂಗಿ, ಕೊರಳಲ್ಲಿ ಕಾಲೇಜಿನ ಪದಕ ದನದ ಗಂಟೆಯ ಹಾಗೆ ಎದೆಗೆ ಬಡಿಯುತ್ತಿದೆ, ನಗು ಲೀಟಾ, ನಗು, ಫೋಟೊದವನು ಅಲ್ಲೇ ಇದ್ದಾನೆ. ಪದವಿ ಹಂಚಿದ್ದಾಯಿತು, ಇನ್ನು ಹೊರಗೆ ಹೋಗುವ ಮೆರವಣಿಗೆ, ಎರಡೂ ಬದಿಗೆ ಹಗ್ಗ, ಹಗ್ಗದಾಚೆ ಹೂಗುಚ್ಛ ಹಿಡಿದ ತಾಯಂದಿರು, ಮುಂದೆ ಬೆಳ್ಳಿ ದಂಡ ಹೊತ್ತ ಡೆಲ್, ಹಿಂದೆ ಕಾಲೇಜಿನ ಅಧ್ಯಕ್ಷೆಯಾದ ನಾನು, ದಂಡ ಹೊರುವುದು ಅತಿ ಹಿರಿಯ ಪ್ರಾಧ್ಯಾಪಕನ ಹಕ್ಕು, ಅವನನ್ನು ಯಾರೂ ದಾಟುವಂತಿಲ್ಲ, ಅವನು ನಿಧಾನಿಸಿದರೆ ನಾನೂ ನಿಧಾನ, ನನ್ನ ಹಿಂದೆ ಇಡೀ ಕಾಲೇಜೇ ನಿಧಾನ. ನಾಳೆ ಬೆಳಿಗ್ಗೆ ಆಡಳಿತ ಮಂಡಳಿಯ ಮುಂದೆ ನಿಂತು ಇತಿಹಾಸ ವಿಭಾಗ ಮುಚ್ಚೋಣ ಎಂದು ನಾನೇ ಹೇಳಬೇಕು, ವಿಭಾಗವೆಂದರೆ ಈಗ ಉಳಿದವನು ಡೆಲ್ ಒಬ್ಬನೇ, ಅವನಿಗಿನ್ನೂ ಗೊತ್ತಿಲ್ಲ.

ನಾನೂ ಅವನೂ ಒಂದೇ ವರ್ಷ ಇಲ್ಲಿಗೆ ಸೇರಿದವರು, ಇತಿಹಾಸ ವಿಭಾಗದಲ್ಲಿ ಇಬ್ಬರಿಗೂ ಒಂದೇ ಕೋಣೆ, ಒಂದೇ ಕಾಫಿ ಕೆಟಲು, ಆಗ ನಾನು ಮಿಸಿಸಿಪ್ಪಿ ನದಿಯ ದೋಣಿಯವರ ಬಗ್ಗೆ ಬರೆಯುತ್ತಿದ್ದೆ, ಸೇತುವೆ ಬಂದು ಹೊಟ್ಟೆಪಾಡು ಕಳೆದುಕೊಂಡವರು, ನನ್ನ ಅಜ್ಜನೂ ಅವರಲ್ಲೊಬ್ಬ, ಸೇತುವೆ ಕಟ್ಟಿಸಿದ ದೊಡ್ಡ ಮನುಷ್ಯರನ್ನು ಪುಸ್ತಕದ ತುಂಬ ಬೈದು ಬಹುಮಾನವನ್ನೂ ತೆಗೆದುಕೊಂಡೆ—ಈಗ ದೊಡ್ಡ ಮನುಷ್ಯಳು ಯಾರಮ್ಮಾ? ಹಳೆಯ ಅಧ್ಯಕ್ಷರು ಇದ್ದಕ್ಕಿದ್ದಂತೆ ತೀರಿಕೊಂಡಾಗ ಮಂಡಳಿಯವರು ಒಂದು ವರ್ಷ ಸಂಭಾಳಿಸಿ ಅಂದರು, ಡೆಲ್ಲೇ ನನ್ನನ್ನು ದಬ್ಬಿದ, ಹೋಗೇ ಮಾರಾಯ್ತಿ, ನಿನ್ನ ಜಾಗ ಎಲ್ಲಿಗೂ ಓಡಿಹೋಗಲ್ಲ. ಕರಾರಿನಲ್ಲೂ ಅದೇ ಇತ್ತು, ಅಧ್ಯಕ್ಷಗಿರಿ ಬಿಟ್ಟ ದಿನ ಇತಿಹಾಸ ವಿಭಾಗಕ್ಕೆ ಮರಳಿ ಪಾಠ ಮಾಡಬಹುದು, ಆ ಒಂದು ಮಾತನ್ನು ನೆಚ್ಚಿಕೊಂಡು ಎಷ್ಟು ದಾನಿಗಳ ಮುಂದೆ ಹಲ್ಲುಕಿರಿದೆ, ಎಷ್ಟು ರಿಬ್ಬನ್ ಕತ್ತರಿಸಿದೆ.

ಮಂಡಳಿಯ ಮುಖ್ಯಸ್ಥ ರಾಯ್ಸ್ ಮೊನ್ನೆ ನನ್ನ ಊಟದ ಮೇಜಿನ ಮುಂದೆಯೇ ಕೂತು, ಆ ಮೇಜೂ ಕಾಲೇಜಿನದೇ, ಮನೆಯೂ, ಮಲಗುವ ಮಂಚವೂ, ಸಿಹಿ ಪೈ ಚಪ್ಪರಿಸುತ್ತ ಹೇಳಿದ, ನೀವೇ ಹೇಳಿಬಿಡಿ ಲೀಟಾ, ಇತಿಹಾಸದವರ ಬಾಯಿಂದಲೇ ಬಂದ್ರೆ ಯಾರೂ ಸೊಲ್ಲೆತ್ತಲ್ಲ. ಥೂ, ಇದಕ್ಕೇ ನನ್ನನ್ನು ಸಾಕಿದ್ದು! ಖಜಾನೆ ಬರಿದು, ಹೇಳದಿದ್ದರೆ ಬರುವ ವರ್ಷ ಕಾಲೇಜಿಗೇ ಬೀಗ, ನರ್ಸಿಂಗ್ ಹುಡುಗಿಯರು, ಅಡುಗೆಮನೆಯವರು, ಎಲ್ಲರೂ ಬೀದಿಗೆ, ಹೇಳಿದರೆ ಡೆಲ್ ಬೀದಿಗೆ, ನನಗೂ ಮರಳಲು ವಿಭಾಗವೇ ಇಲ್ಲ, ಅತ್ತ ದರಿ ಇತ್ತ ಪುಲಿ. ಬೆಳಿಗ್ಗೆ ಅವನು ನನ್ನ ನಿಲುವಂಗಿಗೆ ಪಿನ್ನು ಚುಚ್ಚುತ್ತಿದ್ದಾಗ ಹೇಳಬೇಕೆಂದಿದ್ದೆ, ಪಿನ್ನು ನೆಟ್ಟಗಿದೆಯಾ ಅಂತಷ್ಟೇ ಕೇಳಿದೆ.

ತಿರುಗುತ್ತಿದ್ದಾನೆ, ದಂಡ ಹೊತ್ತವನು ತಿರುಗಬಾರದು ಕಣೋ, ಅರ್ಧ ಮುಖ ತಿರುಗಿಸಿ ಮೆಲ್ಲಗೆ ಹೇಳುತ್ತಿದ್ದಾನೆ, ನಿನಗೆ ಸಾಕಾಗಿದೆ ಲೀಟಾ, ಮುಖದಲ್ಲೇ ಕಾಣುತ್ತೆ, ಬಂದುಬಿಡೇ ವಾಪಸ್ಸು, ನಮ್ಮ ಕೋಣೇಲಿ ಕಿಟಕಿ ಕಡೆ ಕಪಾಟು ನಿನ್ನೆ ಪೂರ್ತಿ ಖಾಲಿ ಮಾಡಿ ಒರೆಸಿಟ್ಟಿದ್ದೀನಿ. ಅವನ ಪುಸ್ತಕಗಳೆಲ್ಲ ಎಲ್ಲಿ ಹೋದವು, ನೆಲದ ಮೇಲಾ, ಈ ವಯಸ್ಸಿನಲ್ಲಿ ಮಂಡಿಯೂರಿ ಕೆಳಗಿನ ಹಲಗೆಯನ್ನೂ ಒರೆಸಿದನಾ, ಈಗಲಾದರೂ ಹೇಳು, ಡೆಲ್ ಅಂದೆ, ಏನೇ ಅಂದ, ಏನಿಲ್ಲ ನಡಿ ಅಂದೆ, ಜನ ಚಪ್ಪಾಳೆ ತಟ್ಟುತ್ತಿದ್ದಾರೆ, ನಡೆಯುತ್ತಿದ್ದೇನೆ, ಕಿಟಕಿ ಕಡೆ ಕಪಾಟು, ಒರೆಸಿದ ಮರ, ನನಗೋಸ್ಕರ, ಒಂದೂ ಪುಸ್ತಕವಿಲ್ಲ, ಕಿಟಕಿ ಕಡೆ, ಒರೆಸಿದ ಮರ, ಖಾಲಿ—