ಗಾಜಿನ ಚಾವಣಿಯ ಮೇಲೆ

"ಹದಿನಾಲ್ಕು ಸಾವಿರದ ಇನ್ನೂರು ಡಾಲರ್ ಅಂತೆ," ಎನ್ನುತ್ತ ಪದ್ಮನಾಭ ಫೋನಿಟ್ಟು ಅಡುಗೆಮನೆಗೆ ಬಂದ. "ಹಳೇ ಗಾಜು ಕಿತ್ತು ಹಾಕೋದು, ಹೊಸದು ಕೂರಿಸೋದು, ಎಲ್ಲಾ ಸೇರಿ. ಏನ್ ಮಾಡೋಣ? ಇನ್ನೊಂದು ಕಡೆ ಎಸ್ಟಿಮೇಟ್ ತಗೊಳ್ಳೋಣ್ವಾ?"

"ಬೇಡ. ಅವರಿಗೇ ಕೊಟ್ಬಿಡಿ," ಎಂದಳು ಅನಸೂಯ.

ಪದ್ಮನಾಭ ಹೆಂಡತಿಯ ಮುಖ ನೋಡಿದ. ಅಮೆರಿಕದ ರಾಕ್‌ವಿಲ್‌ಗೆ ಬಂದ ಇಪ್ಪತ್ತಾರು ವರ್ಷಗಳಲ್ಲಿ ಅವಳು ಚೌಕಾಸಿ ಮಾಡದೆ ಒಂದು ಕುರ್ಚಿ ಕೊಂಡದ್ದನ್ನೂ ಅವನು ಕಂಡವನಲ್ಲ. ಕಾರು ಮಾರುವವರೇ ಅವಳೆದುರು ಬೆವರಿದ್ದುಂಟು. ಈಗ ಅವಳ ಗಮನವೇ ಇತ್ತ ಇರಲಿಲ್ಲ. ಒಗ್ಗರಣೆ ಸೌಟು ಹಿಡಿದುಕೊಂಡು ಹಿತ್ತಲ ಕಡೆಯ ಗಾಜಿನ ಕೋಣೆಗೆ ಕಿವಿಗೊಟ್ಟು ನಿಂತಿದ್ದಳು. ಅಲ್ಲಿ ಚಾವಣಿಯ ಮೇಲೆ ಯಾರೋ ನಡೆಯುತ್ತಿದ್ದರು. ಒಂದು ಹೆಜ್ಜೆ. ತುಸು ತಡೆದು ಇನ್ನೊಂದು. ಭಾರ ಹಾಕಬಹುದೋ ಬೇಡವೋ ಎಂದು ಪರೀಕ್ಷಿಸುವವರ ಹಾಗೆ.

"ಟಾರ್ಪಾಲ್ ಕಣೆ ಅದು. ಗಾಳಿಗೆ ಬಡ್ಕೊಳ್ತಾ ಇದೆ."

"ಗಾಳಿ ಎಲ್ಲಿದೆ ರೀ?"

ಕಿಟಕಿಯಾಚೆ ಏಪ್ರಿಲ್ ಬಿಸಿಲಿನಲ್ಲಿ ಪಕ್ಕದ ಮನೆಯ ಮರದ ಒಂದೆಲೆಯೂ ಅಲುಗುತ್ತಿರಲಿಲ್ಲ.

ಆ ಕೋಣೆಗೋಸ್ಕರವೇ ಅವರು ಈ ಮನೆ ಕೊಂಡಿದ್ದರು. ಮೂರು ಕಡೆ ಗಾಜು, ಮೇಲೂ ಗಾಜು, ಕೆಳಗೆ ಕೆಂಪು ಟೈಲ್ಸ್. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವೆಲ್ಲ ಟ್ಯೂಬ್‌ಲೈಟಿನ ಕೆಳಗೆ ರಕ್ತದ ಸ್ಲೈಡು ನೋಡಿ ಬರುವ ಅನಸೂಯಳಿಗೆ ಚಳಿಗಾಲದಲ್ಲಿ ಬಿಸಿಲು ಸಿಗುತ್ತಿದ್ದದ್ದು ಅಲ್ಲೊಂದೇ. ಈ ವರ್ಷ, ತೊಂಬತ್ತಾರರ ಜನವರಿಯಲ್ಲಿ, ಎರಡು ದಿನ ಬಿಡದೆ ಹಿಮ ಸುರಿದು ಸೊಂಟದೆತ್ತರ ಕೂತಾಗ ಚಾವಣಿಯ ಗಾಜು ನಾಲ್ಕು ಕಡೆ ಸೀಳಿತು. ದೊಡ್ಡ ಕಂಪನಿಗಳು ಹೇಳಿದ ದರ ಕೇಳಿ ಅವಳು ನಕ್ಕಿದ್ದಳು. ಹಾರ್ಡ್‌ವೇರ್ ಅಂಗಡಿಯ ಬೋರ್ಡಿನಲ್ಲಿ ಚುಚ್ಚಿದ್ದ ಒಂದು ಚೀಟಿಯಿಂದ ವೆಂಡೆಲ್‌ನನ್ನು ಹುಡುಕಿ ತಂದವಳು ಅವಳೇ. ನಾರ್ತ್ ಕೆರೊಲಿನಾದ ಬೆಟ್ಟದ ಕಡೆಯವನು, ಅರವತ್ತರ ಹತ್ತಿರದ ವಯಸ್ಸು, ನಿಧಾನದ ಮಾತು. ಆರು ಸಾವಿರಕ್ಕೆ ಒಪ್ಪಿದ.

ಒಪ್ಪಿಕೊಂಡು ಹೊರಡುವ ಮುಂಚೆ ಒಂದು ಮಾತು ಹೇಳಿದ್ದ. "ಸ್ಕ್ಯಾಫೋಲ್ಡಿಂಗ್ ಬಾಡಿಗೆಗೆ ತರಬೇಕು ಮ್ಯಾಮ್, ಮೇಲೆ ನಿಂತು ಕೆಲಸ ಮಾಡೋಕೆ ಕಬ್ಬಿಣದ ಅಟ್ಟಣೆ. ನಾಲ್ಕು ದಿನಕ್ಕೆ ಮುನ್ನೂರ ನಲವತ್ತು. ಅದು ಬೇರೆ."

"ಅದಿಲ್ಲದೆ ಆಗೋದಿಲ್ವಾ?" ಎಂದು ಅನಸೂಯ ಕೇಳಿದ್ದಳು. ತರಕಾರಿಯವನ ಹತ್ತಿರ ಕೊತ್ತಂಬರಿ ಕೇಳುವ ಹಾಗೆ, ಅಭ್ಯಾಸಬಲದಿಂದ.

ವೆಂಡೆಲ್ ಟೋಪಿ ಹಿಂದಕ್ಕೆ ಸರಿಸಿ ಚಾವಣಿಯನ್ನು ಒಂದು ಗಳಿಗೆ ನೋಡಿದ. "ಆಗುತ್ತೆ. ಹಲಗೆ ಹಾಕ್ಕೊಂಡು ಮಾಡ್ತೀನಿ."

ಮಾರ್ಚಿನಲ್ಲಿ ಕೆಲಸ ಶುರುವಾದ ಮೂರನೆಯ ದಿನ ಬೆಳಿಗ್ಗೆ ಹಲಗೆ ಜಾರಿತು. ಅನಸೂಯ ಓಡಿ ಬಂದಾಗ ಅವನು ಟೈಲ್ಸಿನ ಮೇಲೆ ಅಂಗಾತ ಬಿದ್ದಿದ್ದ. ಆಂಬ್ಯುಲೆನ್ಸ್ ಬರುವವರೆಗೂ ಗಾಜಿನ ಚೂರುಗಳ ನಡುವೆ ಮಂಡಿಯೂರಿ, ಕತ್ತು ಹೊರಳದಂತೆ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅವನು ಕಣ್ಣು ತೆರೆದು, "ಎಷ್ಟು ಗಾಜು ಹೋಯ್ತು ಮ್ಯಾಮ್?" ಎಂದು ಕೇಳಿದ. ಅದೇ ಕೊನೆಯ ಮಾತು. ಎರಡು ದಿನದ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡ.

ಇದಾಗಿ ಐದು ವಾರ. ಇನ್ಶೂರೆನ್ಸ್‌ನವರ ಲಾಯರು, ಅವನ ಮನೆಯವರ ಹತ್ತಿರ ಒಂದಕ್ಷರ ಮಾತಾಡಬೇಡಿ ಎಂದು ತಾಕೀತು ಮಾಡಿದ್ದ. ಮಾತಾಡುವುದು ಹಾಗಿರಲಿ, ಆ ಮುನ್ನೂರ ನಲವತ್ತರ ವಿಷಯ ಅವಳು ಗಂಡನಿಗೂ ಹೇಳಿರಲಿಲ್ಲ. ಮನೆಯಲ್ಲಿದ್ದ ದಿನವೆಲ್ಲ ಬೆಳಿಗ್ಗೆ ಹತ್ತರ ಸುಮಾರಿಗೆ ಮೇಲೆ ಹೆಜ್ಜೆ ಕೇಳುತ್ತಿತ್ತು. ಅವಳು ಗಾಜಿನ ಕೋಣೆಗೆ ಕಾಲಿಡುವುದನ್ನೇ ಬಿಟ್ಟಿದ್ದಳು. ಒಳಗಿದ್ದ ಗಿಡಗಳಿಗೆ ಪದ್ಮನಾಭನೇ ನೀರು ಹಾಕುತ್ತಿದ್ದ.

ಬಾಗಿಲ ಗಂಟೆ ಸದ್ದು ಮಾಡಿತು.

ಹೊರಗೆ ನಿಂತಿದ್ದವಳು ನೀಲಿ ಸ್ವೆಟರಿನ ತೆಳ್ಳನೆಯ ಹೆಂಗಸು. ಕೈಯಲ್ಲಿ ಕಾರಿನ ಕೀಲಿಯನ್ನು ಬಿಗಿಯಾಗಿ ಹಿಡಿದಿದ್ದಳು. "ನಾನು ಲೊರೇನ್. ವೆಂಡೆಲ್ ಹೆಂಡತಿ," ಎಂದಳು. "ಮೊದಲೇ ಫೋನ್ ಮಾಡಬೇಕಿತ್ತು. ಅವರ ಸಾಮಾನು ತಗೊಂಡು ಹೋಗೋಣ ಅಂತ ಬಂದೆ."

ಪದ್ಮನಾಭ ಅನಸೂಯಳಿಗಿಂತ ಮುಂದೆ ಬಂದು, "ಖಂಡಿತ, ಖಂಡಿತ. ಎಲ್ಲಾ ಹಿಂದೆ ಇದೆ," ಎಂದು ಮನೆ ಸುತ್ತಿ ಕರೆದೊಯ್ದ. ಹೋಗುತ್ತ ಹೆಂಡತಿಯ ಕಿವಿಯ ಹತ್ತಿರ ಕನ್ನಡದಲ್ಲಿ, "ಲಾಯರ್ ಹೇಳಿದ್ದು ನೆನಪಿದೆ ತಾನೆ?" ಎಂದ.

ಹಿತ್ತಲ ಗೋಡೆಗೆ ಅಲ್ಯುಮಿನಿಯಮ್ ಏಣಿ ಒರಗಿಸಿದ ಹಾಗೇ ಇತ್ತು. ಪಕ್ಕದಲ್ಲಿ ಬಕೆಟ್, ಅದರೊಳಗೆ ಸುತ್ತಿಗೆ, ಒಂದು ಜೊತೆ ಕೈಗವಸು. ಲೊರೇನ್ ಎಲ್ಲವನ್ನೂ ನೋಡಿದಳು. ಆಮೇಲೆ ಏನನ್ನೋ ಹುಡುಕುವಂತೆ ಹುಲ್ಲಿನ ಮೇಲೆ ಸುತ್ತ ಕಣ್ಣಾಡಿಸಿದಳು.

"ಸ್ಕ್ಯಾಫೋಲ್ಡಿಂಗ್ ಎಲ್ಲಿ?"

ಪದ್ಮನಾಭ ಹೆಂಡತಿಯ ಕಡೆ ತಿರುಗಿದ.

"ಬಾಡಿಗೆ ಅಂಗಡಿಯವರು ಕೊಟ್ಟೇ ಇಲ್ಲ ಅಂತಾರೆ. ಅವರ ಲೆಕ್ಕದಲ್ಲೇ ಏನೋ ತಪ್ಪಿರಬೇಕು ಅಂದ್ಕೊಂಡೆ. ಯಾಕಂದ್ರೆ ನಾನೇ ಕೇಳಿದ್ದೆ, ತಂದಿದ್ದೀಯಾ ಅಂತ. ದಿನಾ ಕೇಳ್ತಿದ್ದೆ. ತಂದಿದ್ದೀನಿ ಅಂತಿದ್ದರು." ಅವಳ ದನಿ ಮಾಮೂಲಾಗೇ ಇತ್ತು. "ವಾಪಸ್ ಕೊಡೋದು ಬಾಕಿ ಇದೆ ಅಂತ ನನ್ನ ತಲೇಲಿ ಅದೊಂದೇ ಕೊರೀತಾ ಇದೆ."

"ನೋಡಿ, ಅದೆಲ್ಲ ನಮಗೆ—" ಎಂದು ಪದ್ಮನಾಭ ಶುರುಮಾಡಿದ.

"ತಂದಿರಲಿಲ್ಲ," ಎಂದಳು ಅನಸೂಯ. "ನಾನೇ ಬೇಡ ಅಂದೆ."

"ಅನೂ!"

"ಮುನ್ನೂರ ನಲವತ್ತು ಡಾಲರ್ ಆಗುತ್ತೆ ಅಂದ್ರು. ಅದಿಲ್ಲದೆ ಆಗೋದಿಲ್ವಾ ಅಂತ ಕೇಳಿದೆ. ಆಗುತ್ತೆ ಅಂದ್ರು." ಅವಳು ಗಂಡನ ಕಡೆ ತಿರುಗಲಿಲ್ಲ. "ನಮಗೆ ಆ ದುಡ್ಡು ಏನೂ ಅಲ್ಲ. ಸುಮ್ಮನೆ ಕೇಳಿದೆ."

ಲೊರೇನ್ ಚಾವಣಿಗೆ ಹೊದಿಸಿದ್ದ ನೀಲಿ ಟಾರ್ಪಾಲಿನ ಕಡೆ ತಲೆಯೆತ್ತಿ ನೋಡಿದಳು, ಮತ್ತೆ ಏಣಿಯ ಕಡೆ. ಎಲ್ಲೋ ದೂರದಲ್ಲಿ ಯಾರೋ ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿದರು.

"ಹಾಗಾದ್ರೆ ನನಗೆ ಸುಳ್ಳು ಹೇಳ್ತಿದ್ದರು," ಎಂದಳು ಕೊನೆಗೆ. "ಇದು ನಿಮ್ಮ ಲಾಯರಿಗೆ ಗೊತ್ತಾ?"

"ಇಲ್ಲ. ಇವರಿಗೂ ಗೊತ್ತಿರಲಿಲ್ಲ."

"ನಾನು ನನ್ನ ಅಣ್ಣನಿಗೆ ಹೇಳಬೇಕಾಗುತ್ತೆ. ಅವನು ಸುಮ್ಮನಿರೋನಲ್ಲ."

"ಹೇಳಿ," ಎಂದಳು ಅನಸೂಯ.

ಪದ್ಮನಾಭ ಅವಳನ್ನೇ ನೋಡುತ್ತಿದ್ದ. ಬೈಯುತ್ತಾನೆ ಎಂದುಕೊಂಡಳು. ಅವನು ಬೈಯಲಿಲ್ಲ, ತಿರುಗಿ ಮನೆಯೊಳಗೆ ಹೋಗಿಬಿಟ್ಟ.

ಹೆಂಗಸರಿಬ್ಬರೇ ಏಣಿಯನ್ನು ಕೆಳಗಿಳಿಸಿದರು. ಲೊರೇನ್ ಮುಂದಿನ ತುದಿ ಹಿಡಿದಳು, ಅನಸೂಯ ಹಿಂದಿನದು. ಮನೆಯ ಮೂಲೆ ತಿರುಗುವಾಗ, "ಎಡಕ್ಕೆ, ಇನ್ನು ಸ್ವಲ್ಪ," ಎಂದಷ್ಟೇ ಲೊರೇನ್ ಹೇಳಿದಳು. ಏಣಿಯ ಮೆಟ್ಟಿಲ ಮೇಲೆ ಸವೆದ ಬೂಟಿನ ಮಣ್ಣು ಒಣಗಿ ಅಂಟಿಕೊಂಡಿತ್ತು. ಅದು ಅನಸೂಯಳ ಅಂಗೈಗೆ ಒರಟಾಗಿ ತಾಕಿ ಪುಡಿಪುಡಿಯಾಗಿ ಉದುರಿತು.

ಲೊರೇನ್ ತಂದಿದ್ದದ್ದು ಚಿಕ್ಕ ಹಳೆಯ ಕಾರು. ಏಣಿಯನ್ನು ಅದರ ಮೇಲಿಟ್ಟಾಗ ಹಿಂದೆ ಮೂರಡಿ ಚಾಚಿಕೊಂಡಿತು. ಹೇಗೆ ಕಟ್ಟುವುದೆಂದು ಇಬ್ಬರಿಗೂ ತೋಚದೆ ನಿಂತಿರುವಾಗ ಪದ್ಮನಾಭ ಗರಾಜಿನಿಂದ ಹಗ್ಗ ಹಿಡಿದು ಬಂದ. ಯಾರ ಮುಖವನ್ನೂ ನೋಡದೆ, ಕಿಟಕಿಗಳೊಳಗಿಂದ ಹಗ್ಗ ಹಾಯಿಸಿ ಮೂರು ಕಡೆ ಗಂಟು ಹಾಕಿದ. ಎಳೆದು ನೋಡಿದ. ಮತ್ತೊಮ್ಮೆ ಎಳೆದು ನೋಡಿದ.

"ಹಿಂದಿನ ತುದಿಗೆ ಕೆಂಪು ಬಟ್ಟೆ ಕಟ್ಟಬೇಕು," ಎಂದ. "ಇಲ್ದಿದ್ರೆ ಹಿಂದೆ ಬರೋರಿಗೆ ಕಾಣೋದಿಲ್ಲ."

ಅನಸೂಯ ಒಳಗೆ ಹೋದಳು. ಅಡುಗೆಮನೆಯಲ್ಲಿ ಒರೆಸುವ ಬಟ್ಟೆಗಳೆಲ್ಲ ಬಿಳಿಯವೇ. ಮಲಗುವ ಕೋಣೆಯ ಬೀರು ತೆರೆದು, ಅರಿಶಿನ ಕುಂಕುಮಕ್ಕೆ ಬಂದವರಿಗೆ ಕೊಡಲೆಂದು ಇಟ್ಟಿದ್ದ ರವಿಕೆ ಕಣಗಳ ಕಟ್ಟಿನಲ್ಲಿ ಕೆಂಪಗಿದ್ದದ್ದೊಂದನ್ನು ಎಳೆದು ತಂದಳು. ಅಂಗಡಿಯ ಗಂಜಿ ಇನ್ನೂ ಬಿಟ್ಟಿರದ ಹೊಸ ಬಟ್ಟೆ.

"ಇದು ಒಳ್ಳೇ ಬಟ್ಟೆ," ಎಂದಳು ಲೊರೇನ್. "ವಾಪಸ್ ಕಳಿಸೋಕಾಗಲ್ಲ ನನಗೆ."

"ಬೇಡ."

ಅನಸೂಯ ಅದನ್ನು ಏಣಿಯ ಕೊನೆಯ ಮೆಟ್ಟಿಲಿಗೆ ಬಿಗಿಯಾಗಿ ಕಟ್ಟಿದಳು. ಲೊರೇನ್ ಕೈ ಕುಲುಕಲಿಲ್ಲ, ತಿರುಗಿ ನೋಡಲಿಲ್ಲ. ಕಾರು ನಿಧಾನವಾಗಿ ಬೀದಿಗಿಳಿಯಿತು. ತಿರುವಿನಲ್ಲಿದ್ದ ಸ್ಟಾಪ್ ಬೋರ್ಡಿನ ಹತ್ತಿರ, ಬರುವವರು ಯಾರೂ ಇಲ್ಲದಿದ್ದರೂ, ಬಹಳ ಹೊತ್ತು ನಿಂತಿತು. ಬಿಸಿಲಿನಲ್ಲಿ ಕೆಂಪು ಕಣ ಏಣಿಯ ತುದಿಯಿಂದ ನೇರ ಕೆಳಗೆ ಜೋತುಬಿದ್ದಿತ್ತು. ಆಮೇಲೆ ಕಾರು ಎಡಕ್ಕೆ ಹೊರಳಿತು, ಬಟ್ಟೆ ಒಮ್ಮೆ ಹರಡಿಕೊಂಡು ಹಾರಾಡಿತು.