ಹಿಂದಿನ ಗೋಡೆಗೆ ಒರಗಿಸಿದ ತೊಲೆ

ಫರ್ಗಾನಾ ಕಣಿವೆಯ ಓಕಾರಿಕ್‌ನಲ್ಲಿ ಗಂಡು ಮಗು ಹುಟ್ಟಿದರೆ ಅಪ್ಪನಾದವನು ಮೊದಲು ಮಾಡುವ ಕೆಲಸ ಕಾಲುವೆಯ ದಂಡೆಯಲ್ಲಿ ಸಾಲಾಗಿ ಪಾಪ್ಲರ್ ಸಸಿ ನೆಡುವುದು. ಹುಡುಗನಿಗೆ ಮದುವೆಯ ವಯಸ್ಸು ಬರುವ ಹೊತ್ತಿಗೆ ಮರಕ್ಕೆ ತೊಲೆಯಾಗುವ ವಯಸ್ಸು ಬಂದಿರುತ್ತದೆ. ಮರ ಕಡಿದು, ಮಗನಿಗೆ ಮನೆ ಕಟ್ಟಿ, ಆ ತೊಲೆಗಳ ಕೆಳಗೆ ಸೊಸೆಯನ್ನು ತಂದುಕೊಳ್ಳುತ್ತಾರೆ. ಹೆಣ್ಣು ಹುಟ್ಟಿದರೆ ಯಾರೂ ಏನೂ ನೆಡುವುದಿಲ್ಲ. ಅವಳು ಹೇಗೂ ಬೇರೆಯವರ ತೊಲೆಯ ಕೆಳಗೆ ಮಲಗುವವಳು. ಈ ಏರ್ಪಾಡಿನ ಬಗ್ಗೆ ಹೊಸಿಯತ್‌ಳ ಅಭಿಪ್ರಾಯವೇನೆಂದು ಊರಿನವರು ಯಾವತ್ತೂ ಕೇಳಿರಲಿಲ್ಲ. ಕೇಳಿದ್ದರೆ ಬೇಕಾದಷ್ಟು ಹೇಳುತ್ತಿದ್ದಳು.

ಹೊಸಿಯತ್ ಊರಾಚೆ ಮರ ಕೊಯ್ಯುವ ಮಿಲ್ಲು ನಡೆಸುತ್ತಿದ್ದಳು. ಒಬ್ಬಳೇ ಮಗಳು ಸರ್ವಿನೋಜ್. ಮಾಮರಸೂಲ್ ಎಂಬ ಹತ್ತಿ ಬೆಳೆಗಾರನ ಮಗ ಇಲ್ಹೋಮ್‌ನಿಗೆ ಅವಳನ್ನು ಕೊಡುವುದೆಂದು ಪದ್ಧತಿಯಂತೆ ರೊಟ್ಟಿ ಮುರಿದು ಮಾತಾಗಿತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದರು, ಹಿರಿಯರು ತಾವೇ ಆರಿಸಿದಂತೆ ನಟಿಸಿದ್ದರು. ಮಾಗಿಯೊಳಗೆ ಮದುವೆ ಎಂದಿತ್ತು. ಹೊಸ ಮನೆಯ ಗೋಡೆಗಳು ಎದ್ದು ನಿಂತಿದ್ದವು. ಮಾಮರಸೂಲ್ ಮಗ ಹುಟ್ಟಿದಾಗ ನೆಟ್ಟ ಮರಗಳನ್ನು ಕಡಿಸಿ ನೋಡಿದರೆ, ಹೊರಗೆ ನಯವಾಗಿ ಬೆಳ್ಳಗೆ ನಿಂತಿದ್ದ ಮರಗಳೊಳಗೆ ಕೊರಕ ಹುಳು ಬೆರಳು ತೂರುವಷ್ಟು ಸುರಂಗ ತೋಡಿತ್ತು. ಒಂದೊಂದು ದಿಮ್ಮಿಯಲ್ಲೂ ಎರಡು ಮೂರು ಕಡೆ. ಇಡೀ ತೊಲೆ ಒಂದೂ ಸಿಗುವಂತಿರಲಿಲ್ಲ.

ಬೇರೆಯವರ ಮರ ಕೊಂಡು ಮನೆ ಮುಚ್ಚುವ ಮನುಷ್ಯ ಮಾಮರಸೂಲ್ ಅಲ್ಲ. ಮಗನ ಹೆಸರಿನಲ್ಲಿ ನೆಟ್ಟ ಮರದ ಕೆಳಗೇ ಮಗನ ಸಂಸಾರ. ಇಲ್ಲವಾದರೆ ಅವನ ಎರಡನೇ ಸಾಲಿನ ಎಳೆಯ ಮರಗಳು ದಪ್ಪವಾಗುವ ತನಕ ಮದುವೆ ಇಲ್ಲ. ಅದಕ್ಕೆ ನಾಲ್ಕೈದು ವರ್ಷವಾದರೂ ಬೇಕು. ಹೆಣ್ಣಿನ ಕಡೆಯವರು ಮರ ಕೊಡುತ್ತೇವೆ ಎನ್ನುವುದಂತೂ ಬಾಯಲ್ಲಿ ಆಡುವ ಮಾತಲ್ಲ, ಗಂಡಿನ ಮನೆಯ ಮರ್ಯಾದೆಯನ್ನೇ ಹರಾಜಿಗಿಟ್ಟ ಹಾಗೆ. ಸುದ್ದಿ ತಿಳಿದಾಗ ಸರ್ವಿನೋಜ್ ಮಿಲ್ಲಿನಲ್ಲಿ ಹಲಗೆಗೆ ಅಂಟು ಹಚ್ಚುತ್ತಿದ್ದ ಕುಂಚವನ್ನು ಡಬ್ಬಿಗೆ ಎಸೆದು, "ನಾಲ್ಕೈದು ವರ್ಷದಲ್ಲಿ ಅವನ ತಲೆ ಬೋಳಾಗತ್ತೆ ಅಮ್ಮ. ಅವರಪ್ಪಂದು ನೋಡಿಲ್ವಾ?" ಎಂದಳು. ನಗುತ್ತಲೇ ಹೇಳಿದಳು, ಆದರೆ ಆ ದಿನವೆಲ್ಲ ಅವಳು ಮತ್ತೆ ಕುಂಚ ಹಿಡಿಯಲಿಲ್ಲ. ಮಗಳ ಬೆನ್ನು ನೋಡಿಯೇ ಹೊಸಿಯತ್‌ಗೆ ಸಂಕಟವಾಯಿತು. ಸಂಕಟ ಬಂದಾಗ ಅವಳು ಅಳುವವಳಲ್ಲ, ಏನಾದರೊಂದು ಕೆಲಸಕ್ಕೆ ಇಳಿಯುವವಳು.

ಮರುದಿನವೇ ಮಾಮರಸೂಲ್‌ನ ಅಂಗಳಕ್ಕೆ ಹೋದಳು. ಅಲ್ಲಿ ಮನೆ ಕಟ್ಟುವ ಮೇಸ್ತ್ರಿ ಉಸ್ತಾ ತೋಜಿಯೂ ದಿಮ್ಮಿಯೊಂದರ ಮೇಲೆ ಕೂತಿದ್ದ.

"ಬೀಗರೇ, ನಿಮ್ಮ ಮರ ಎಲ್ಲಾ ನನ್ನ ಮಿಲ್ಲಿಗೆ ಕಳಿಸಿ," ಎಂದಳು. "ಹುಳು ತಿಂದಿದ್ದನ್ನ ಕತ್ತರಿಸಿ ಬಿಸಾಕ್ತೀನಿ. ಒಳ್ಳೇ ತುಂಡುಗಳನ್ನ ಜೋಡಿಸಿ ತೊಲೆ ಮಾಡಿ ಕೊಡ್ತೀನಿ. ನಿಮ್ಮ ಮರವೇ, ಬೇರೆ ಒಂದು ಚೂರೂ ಸೇರಲ್ಲ."

ಉಸ್ತಾ ತೋಜಿ ಗಡ್ಡ ನೀವಿಕೊಂಡ. "ಜೋಡಿಸೋದಂದ್ರೆ? ಹೊಲಿಗೆ ಹಾಕ್ತೀಯೇನಮ್ಮಾ?"

"ಹಲ್ಲು ಕೊಯ್ದು ಅಂಟು ಹಾಕ್ತೀನಿ ಉಸ್ತಾ. ನಿಮಗೂ ಬೇಕಾದ್ರೆ ಹೇಳಿ, ಮುಂದಿನ ಎರಡು ಬಿದ್ದಿವೆಯಲ್ಲ."

ಮಾಮರಸೂಲ್ ನಗು ತಡೆದುಕೊಂಡ. ಹೊಸಿಯತ್ ಹೇಳಿದ್ದು ತಮಾಷೆಯಾದರೂ ಸುಳ್ಳಲ್ಲ. ಹಿಂದೆ ಕೋಕಂದ್‌ನ ಕಾರ್ಖಾನೆಯೊಂದರಲ್ಲಿ ಶಾಲೆಯ ಬೆಂಚುಗಳಿಗೆ ಅಂಟು ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದಳು. ಮರದ ತುಂಡುಗಳ ತುದಿಯನ್ನು ಬಾಚಣಿಗೆಯ ಹಲ್ಲಿನ ಹಾಗೆ ಕೊಯ್ದು ಒಂದಕ್ಕೊಂದು ತೂರಿಸಿ ಅಂಟಿಸುವುದು ಲೋಕದಲ್ಲಿ ಹೊಸದೇನಲ್ಲ. ಆದರೆ ಪಾಪ್ಲರ್ ಮೆತ್ತಗಿನ ಮರ, ಗರಗಸ ತಾಕಿದರೆ ನಾರು ನಾರಾಗಿ ಏಳುತ್ತದೆ, ಹಲ್ಲು ನಿಲ್ಲುವುದಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಅವಳು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಮಸೆದು ಮಸೆದು ಕೊಯ್ಯುವ ಅಲಗೊಂದನ್ನು ಮಾಡಿದಳು. ಅದು ಹಲ್ಲನ್ನು ಒಂದೇ ಸಲಕ್ಕೆ ಕೊಯ್ಯುತ್ತಿರಲಿಲ್ಲ, ಮೊದಲು ನಾರನ್ನು ಅಡ್ಡ ಕಡಿದು ಆಮೇಲೆ ತೋಡುತ್ತಿತ್ತು. ಲಾರಿಯ ಜಾಕುಗಳನ್ನು ಸಾಲಾಗಿ ಕೂರಿಸಿ ಒತ್ತುವ ಯಂತ್ರ ಮಾಡಿದಳು. ಮಿಲ್ಲಿನ ಹೊಟ್ಟನ್ನೇ ಉರಿಸಿ, ಆ ಬಿಸಿಗಾಳಿಯನ್ನು ಫ್ಯಾನಿನಿಂದ ಕೊಳವೆಯೊಳಗೆ ಹರಿಸಿ, ಅಂಟು ಹಿಡಿಯುವ ತನಕ ಮರವನ್ನು ಬೆಚ್ಚಗಿಟ್ಟಳು. ತಾಷ್ಕೆಂಟ್‌ನಿಂದ ಅದಕ್ಕೆ ಪೇಟೆಂಟೂ ಬಂದಿತ್ತು. ಕಟ್ಟು ಹಾಕಿಸಿ ಗೋಡೆಗೆ ತೂಗಿದ್ದಳು, ಬಂದವರನ್ನೆಲ್ಲ ಕರೆದು ತೋರಿಸುತ್ತಿದ್ದಳು. ತಾನು ಮಾಡಿದ್ದು ದೊಡ್ಡದು ಎಂದು ಅವಳಿಗೆ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಆಡುವ ಅಭ್ಯಾಸ ಅವಳಿಗಿರಲಿಲ್ಲ. ಊರಿನವರು ಬಾಗಿಲ ಚೌಕಟ್ಟು, ಮೇಜು, ಮಂಚದ ಕಾಲು ಎಲ್ಲಾ ಅವಳಲ್ಲಿ ಮಾಡಿಸಿಕೊಂಡರು. ಚಾವಣಿಗೆ ಮಾತ್ರ ಒಬ್ಬರೂ ತೊಲೆ ಕೇಳಿರಲಿಲ್ಲ.

"ಪೇಟೆಂಟ್ ಗೋಡೆ ಮೇಲಿದ್ರೆ ಬೀಳಲ್ಲ," ಎಂದ ಉಸ್ತಾ ತೋಜಿ. "ತೊಲೆ ಮನುಷ್ಯರ ತಲೆ ಮೇಲಿರತ್ತೆ. ನಿನ್ನ ಮಗಳನ್ನ ಅದರ ಕೆಳಗೆ ಮಲಗಿಸ್ತೀಯಾ?"

"ಮಲಗಿಸೋಕೇ ತಾನೇ ಮಾಡ್ತಿರೋದು," ಎಂದಳು ಹೊಸಿಯತ್.

ಮಾಮರಸೂಲ್ ಬಹಳ ಹೊತ್ತು ದಿಮ್ಮಿಯ ತೂತಿನೊಳಗೆ ಕಡ್ಡಿ ಆಡಿಸುತ್ತಾ ಕೂತ. ಅವನಿಗೂ ಈ ಮದುವೆ ಬೇಕಿತ್ತು, ತನ್ನ ಮಾತೂ ಉಳಿಯಬೇಕಿತ್ತು. ಕೊನೆಗೆ ಹೇಳಿದ: "ಮಾಡಿ ಬೀಗ್ತಿ. ಆದ್ರೆ ಪರೀಕ್ಷೆಗೆ ತೊಲೆ ನಾನು ಆರಿಸ್ತೀನಿ, ಭಾರ ಉಸ್ತಾ ಹೊರಿಸ್ತಾರೆ. ನಿಂತ್ರೆ ಈ ವರ್ಷವೇ ಮದುವೆ. ನಿಲ್ಲಲಿಲ್ಲ ಅಂದ್ರೆ ಎಳೇ ಮರ ಬೆಳೆಯೋ ತನಕ ಯಾರೂ ಮಾತಾಡೋ ಹಾಗಿಲ್ಲ."

ಆ ಬೇಸಿಗೆಯ ಕೊನೆಯೆಲ್ಲ ತಾಯಿ ಮಗಳಿಗೆ ಬೇರೆ ಕೆಲಸವಿರಲಿಲ್ಲ. ಹುಳು ತಿಂದದ್ದು ಒಲೆಗೆ ಹೋಯಿತು, ಉಳಿದದ್ದು ಹಲಗೆಯಾಯಿತು, ಹಲಗೆಗೆ ಹಲ್ಲು ಬಂತು. ಹಲಗೆಯ ಮೇಲೆ ಹಲಗೆ ಒತ್ತಿ ತೊಲೆಗಳು ಒಂದೊಂದಾಗಿ ಯಂತ್ರದಿಂದ ಈಚೆ ಬಂದವು, ಹುಟ್ಟಿದ ಮರಕ್ಕಿಂತ ನೆಟ್ಟಗೆ. ಒಂದು ತೊಲೆ ಯಂತ್ರದಲ್ಲಿದ್ದಾಗ ಮಾತ್ರ ಕರೆಂಟು ಹೋಗಿ ಬಿಸಿಗಾಳಿಯ ಫ್ಯಾನು ನಿಂತಿತು. ಅಕಾಲದ ಶೀತಗಾಳಿ ಬೀಸುತ್ತಿದ್ದ ದಿನ. ಕರೆಂಟು ಬರುವ ಹೊತ್ತಿಗೆ ಅಂಟು ಸರಿಯಾಗಿ ಹಿಡಿಯುವ ಮೊದಲೇ ತಣ್ಣಗಾಗಿಬಿಟ್ಟಿತ್ತು. ನೋಡಲು ಆ ತೊಲೆ ಬೇರೆಯವುಗಳ ಹಾಗೇ ಇತ್ತು. ಹೊಸಿಯತ್ ಅದನ್ನು ಹಿಂದಿನ ಗೋಡೆಗೆ, ಅಕ್ರೂಟ್ ಹಲಗೆಗಳ ಮರೆಗೆ ಒರಗಿಸಿಟ್ಟು, ಅದರ ಬದಲು ಇನ್ನೊಂದು ಮಾಡಿದಳು. ಕೆಟ್ಟದ್ದನ್ನು ಕೂಡಲೇ ಕಡಿದುಹಾಕಲು ಅವಳಿಗೆ ಮನಸ್ಸಿರಲಿಲ್ಲ. ಅದು ಹೇಗೆ ಮುರಿಯುತ್ತದೆ ಎಂದು ಎಂದಾದರೂ ಬಿಡುವಾದಾಗ ನೋಡಬೇಕೆಂಬ ಆಸೆ.

ಪರೀಕ್ಷೆಯ ದಿನ ಮಿಲ್ಲಿನ ಅಂಗಳ ಮದುವೆ ಮನೆಯ ಹಾಗೆ ತುಂಬಿತ್ತು. ಮಾಮರಸೂಲ್‌ನ ಅಣ್ಣತಮ್ಮಂದಿರು ಗಾಡಿ ತುಂಬ ಹತ್ತಿಬೀಜದ ಚೀಲ ತಂದಿದ್ದರು. ಉಸ್ತಾ ತೋಜಿ ಇಟ್ಟಿಗೆಯ ಎರಡು ಗಟ್ಟಿ ಕಂಬ ಕಟ್ಟಿಸಿದ್ದ. ಭಾವಿ ಮಾವನ ಎದುರು ಸುಳಿಯಬಾರದೆಂದು ಸರ್ವಿನೋಜ್ ಆಫೀಸಿನ ಕಿಟಕಿಯ ಹಿಂದೆ ನಿಂತಿದ್ದಳು. ಕಿಟಕಿಗೆ ಪರದೆ ಇರಲಿಲ್ಲವಾದ್ದರಿಂದ ಎಲ್ಲರೂ ಅವಳನ್ನು ನೋಡದವರ ಹಾಗೆ ನೋಡಿದರು.

ಮಾಮರಸೂಲ್ ಸಾಲಾಗಿಟ್ಟ ತೊಲೆಗಳ ಮೇಲೆ ಕೈಯಾಡಿಸುತ್ತಾ ಹೋದವನು ಅಲ್ಲಿಗೆ ನಿಲ್ಲದೆ ಶೆಡ್ಡಿನೊಳಗೇ ನಡೆದ. ಅಕ್ರೂಟ್ ಹಲಗೆಗಳನ್ನು ಸರಿಸಿ ನೋಡಿದ. ಅವನ ಮುಖ ಅರಳಿತು. ಓಕಾರಿಕ್‌ನಲ್ಲಿ ಎಲ್ಲರ ಮನೆಯಲ್ಲೂ ಒಳ್ಳೆಯ ಕರಬೂಜ ಹಿಂದಿನ ಕೋಣೆಯಲ್ಲೇ ಇರುವುದು. ಮುಂದಿಡುವುದು ಬಂದು ಹೋಗುವವರಿಗೆ.

"ಓಹೋ ಬೀಗ್ತಿ," ಎಂದ. "ಮುಂದಿರೋದು ನಮಗೆ, ಹಿಂದೆ ಬಚ್ಚಿಟ್ಟಿರೋದು ಯಾರಿಗೋ? ಇದನ್ನೇ ತಗೀರಿ ಈಚೆ. ನಿಮ್ಮ ಅತ್ಯುತ್ತಮವಾದದ್ದೇ ನೋಡೋಣ."

ಹೊಸಿಯತ್ ಸುಮ್ಮನಿದ್ದುಬಿಡಬಹುದಿತ್ತು. ತೊಲೆ ನಿಂತರೂ ನಿಂತೀತು, ಯಾರಿಗೂ ತಿಳಿಯುತ್ತಿರಲಿಲ್ಲ. ಕಿಟಕಿಯ ಹಿಂದೆ ಮಗಳು ತಲೆ ಅಡ್ಡಡ್ಡ ಆಡಿಸುತ್ತಿದ್ದಳು. ಹೇಳಬೇಡ ಎಂದೋ, ಅದು ಬೇಡ ಎಂದೋ ತಾಯಿಗೆ ತಿಳಿಯಲಿಲ್ಲ.

"ಅದು ಅತ್ಯುತ್ತಮದ್ದಲ್ಲ ಬೀಗರೇ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಅದು ಕೆಟ್ಟಿರೋದು. ಅಂಟು ಹಿಡಿಯೋವಾಗ ಕರೆಂಟ್ ಹೋಯ್ತು, ಚಳಿ ಹೊಡೀತು. ಅದಕ್ಕೇ ತೆಗೆದಿಟ್ಟೆ."

ಅಂಗಳದಲ್ಲಿ ಗುಸುಗುಸು ಎದ್ದಿತು. ಉಸ್ತಾ ತೋಜಿಗೆ ಹಬ್ಬದೂಟ ಸಿಕ್ಕಷ್ಟು ಖುಷಿ. "ಕೇಳಿದ್ರಾ? ಕೆಟ್ಟಿರೋದಂತೆ. ಒಳ್ಳೇ ಮರವಾದ್ರೆ ಕರೆಂಟ್ ಕೇಳತ್ತಾ?"

"ಮಾತಿನ ಪ್ರಕಾರ ಆರಿಸೋದು ನಾನು," ಎಂದ ಮಾಮರಸೂಲ್. ಅವನಿಗೆ ಅವಳ ಮಾತಿನ ಮೇಲೆ ಪೂರ್ತಿ ನಂಬಿಕೆ ಹುಟ್ಟಿರಲಿಲ್ಲ. ಒಳ್ಳೆಯ ಕರಬೂಜವನ್ನು ಹುಳಿ ಎಂದು ಹೇಳಿ ಉಳಿಸಿಕೊಳ್ಳುವ ಹೆಂಗಸರನ್ನು ಅವನು ಬೇಕಾದಷ್ಟು ಕಂಡಿದ್ದ.

"ಹೊರಿಸಿ ಹಾಗಾದ್ರೆ," ಎಂದಳು ಹೊಸಿಯತ್. "ನಂಗೂ ನೋಡಬೇಕಿತ್ತು. ಕೆಳಗೆ ಮಾತ್ರ ಯಾರೂ ಹೋಗಬೇಡಿ."

ತೊಲೆಯನ್ನು ಕಂಬಗಳ ಮೇಲೆ ಅಡ್ಡ ಇಟ್ಟು, ಮೇಲೆ ಹಲಗೆ ಹಾಸಿ, ಚೀಲ ಹೇರತೊಡಗಿದರು. ಉಸ್ತಾ ತೋಜಿ ನ್ಯಾಯವಂತನೇ. ಪ್ರತಿ ಹಂತಕ್ಕೂ ಕೂಗಿ ಹೇಳಿದ. ಇಷ್ಟು ಒಣ ಮಣ್ಣಿನ ಚಾವಣಿ. ಇಷ್ಟು ಹಸಿ ಮಣ್ಣಿನದು. ಇಷ್ಟು ಅದರ ಮೇಲೆ ಬಿದ್ದ ಹಿಮ. ತೊಲೆ ಕೊಂಚ ಜಗ್ಗಿ ನಿಂತೇ ಇತ್ತು. ಜನ ಮುಖ ಮುಖ ನೋಡಿಕೊಂಡರು. ಇನ್ನೂ ಹೇರಿದರು. ಆಗ ಚಟ್ಟೆಂದು ಒಂದು ಸದ್ದು, ಮರುಗಳಿಗೆ ತೊಲೆ ನಡುವೆ ಬಾಯ್ಬಿಟ್ಟು ಚೀಲಗಳೆಲ್ಲ ಧೂಳೆಬ್ಬಿಸಿ ಬಿದ್ದವು.

"ನಾನು ಹೇಳ್ಲಿಲ್ವಾ?" ಎಂದ ಉಸ್ತಾ ತೋಜಿ.

"ಅದಕ್ಕೂ ಮೊದಲು ನಾನು ಹೇಳಿದ್ದೆ," ಎಂದಳು ಹೊಸಿಯತ್. ಧೂಳು ಇಳಿಯುವ ಮೊದಲೇ ಮುರಿದ ತುದಿಯನ್ನು ಎತ್ತಿಕೊಂಡು ಮಾಮರಸೂಲ್‌ನ ಕೈಗಿಟ್ಟಳು. ಹಲ್ಲುಗಳು ತೊಳೆದಿಟ್ಟ ಹಾಗೆ ನಯವಾಗಿದ್ದವು. "ನೋಡಿ, ಮರ ಎಲ್ಲೂ ಹರಿದಿಲ್ಲ. ಅಂಟು ಬಿಟ್ಟು ಜಾರಿದೆ. ಚಳಿ ಹೊಡೆದ್ರೆ ಹೀಗಾಗತ್ತೆ. ಸರಿಯಾಗಿ ಹಿಡಿದಿದ್ರೆ ಮರ ಹರೀಬೇಕೇ ಹೊರತು ಅಂಟು ಬಿಡಬಾರದು."

ಮಾಮರಸೂಲ್ ಆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನ ಮಗನ ಮರ. "ನೀವು ಬಾಯಿ ಮುಚ್ಕೊಂಡು ಇದನ್ನ ಸಾಲಲ್ಲೇ ಇಟ್ಟಿದ್ರೆ ನಂಗೆ ಗೊತ್ತಾಗ್ತಿತ್ತಾ?"

"ಇಲ್ಲ."

"ಉಸ್ತಾ, ನಿಮಗೆ ಗೊತ್ತಾಗ್ತಿತ್ತಾ?"

ಉಸ್ತಾ ತೋಜಿ ಟೋಪಿ ತೆಗೆದು ತಲೆ ಕೆರೆದುಕೊಂಡ. "ಹೊರಗಿಂದ ಹೇಗೆ ಗೊತ್ತಾಗತ್ತೆ," ಎಂದ ಮೆಲ್ಲಗೆ.

"ಹಾಗಾದ್ರೆ ಸಾಕು," ಎಂದ ಮಾಮರಸೂಲ್. "ಬೇರೆ ತೊಲೆಗಳನ್ನ ಚಾವಣಿಗೆ ಇಡೋದೇ. ಇನ್ನು ಪರೀಕ್ಷೆ ಮಾಡಿ ನೋಡೋದೇನಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈ ಮುಗಿದು ಸಿಹಿ ಹಂಚುತ್ತಿದ್ದರು. ಹೊಸಿಯತ್‌ಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಅವಳನ್ನು ನಂಬಿದ್ದರು ನಿಜ, ಅವಳ ತೊಲೆಯನ್ನು ಇನ್ನೂ ಯಾರೂ ನಂಬಿರಲಿಲ್ಲ. ಮೊದಲ ಹಿಮ ಬಿದ್ದ ದಿನ ಸರ್ವಿನೋಜ್‌ಳ ಅತ್ತೆ ಚಾವಣಿ ನೋಡುತ್ತಾ ನಿದ್ದೆಗೆಡುತ್ತಾಳೆ, ಆ ಬೈಗುಳವೆಲ್ಲ ಮಗಳಿಗೇ.

"ಸಾಕಾಗಲ್ಲ ಬೀಗರೇ," ಎಂದಳು. "ಮುರಿದಿದ್ದನ್ನ ಮಾತ್ರ ನೋಡಿ ಹೋಗ್ತೀರಾ? ಆ ಸಾಲಿಂದ ಯಾವುದಾದ್ರೂ ಒಂದು ಎತ್ತಿಡಿ."

ಎತ್ತಿಟ್ಟರು. ಅವಳು ಶೆಡ್ಡಿನಿಂದ ಹತ್ತಿಯ ಹಾಸು ತಂದು, ಕಂಬಗಳ ನಡುವೆ, ಸರಿಯಾಗಿ ತೊಲೆಯ ಕೆಳಗೆ ಹಾಸಿ, ಮಂಡಿ ಮಡಿಸಿ ಕೂತಳು. "ಹೇರಿ," ಎಂದಳು. "ಯಾರಾದ್ರೂ ಟೀ ತನ್ನಿ."

ಚೀಲ ಹೊತ್ತಿದ್ದವರು ಹೊತ್ತುಕೊಂಡೇ ನಿಂತರು. ಉಸ್ತಾ ತೋಜಿ, "ಏಳು ತಾಯಿ, ಹುಚ್ಚಾಟ ಆಡಬೇಡ," ಎಂದ. ಅವನ ದನಿಯಲ್ಲಿ ಗೇಲಿ ಇರಲಿಲ್ಲ. ಅವಳು ಏಳಲಿಲ್ಲ. ತೊಲೆಯ ಮೇಲೆ ಒಂದು ಚೀಲ ಬಿತ್ತು, ಇನ್ನೊಂದು ಬಿತ್ತು. ತಲೆಯ ಮೇಲೆ ತೊಲೆ ಕಿರುಗುಟ್ಟಿತು. ಭಾರ ಬಿದ್ದ ಹೊಸ ಮರ ಹಾಗೆ ಸದ್ದು ಮಾಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಆಗಿನ ಚಟ್ಟೆಂಬ ಸದ್ದು ಕಿವಿಯಲ್ಲೇ ಇತ್ತು, ಹೆದರಿಕೆಯಾಯಿತು.

ಟೀ ಕೆಟಲು ಹಿಡಿದು ಬಂದದ್ದು ಸರ್ವಿನೋಜ್. ತಲೆವಸ್ತ್ರವನ್ನು ಹಣೆಯ ತನಕ ಎಳೆದುಕೊಂಡು, ಭಾವಿ ಮಾವನಿಗೆ ಬಾಗಿ ವಂದಿಸಿ, ಚೀಲ ಹೇರುತ್ತಿದ್ದ ತೊಲೆಯ ಕೆಳಗೆ ತಲೆ ತಗ್ಗಿಸಿ ನುಗ್ಗಿ ತಾಯಿಯ ಪಕ್ಕ ಕೂತಳು.

"ನೀನ್ಯಾಕೆ ಬಂದೆ?" ಎಂದಳು ಹೊಸಿಯತ್ ಹಲ್ಲು ಬಿಗಿಹಿಡಿದು.

"ಇದರ ಕೆಳಗೆ ಮಲಗೋಳು ನಾನಲ್ವಾ ಅಮ್ಮ? ಅಂಟು ಹಚ್ಚಿದ್ದೂ ನಾನೇ," ಎಂದು ಮಗಳು ಬಟ್ಟಲಿಗೆ ಟೀ ಬಗ್ಗಿಸಿದಳು.

ಒಣ ಮಣ್ಣು ದಾಟಿತು, ಹಸಿ ಮಣ್ಣು ದಾಟಿತು, ಹಿಮ ದಾಟಿತು. ಮೊದಲಿನ ತೊಲೆ ಮುರಿದ ಭಾರವೂ ದಾಟಿತು. ಗಾಡಿಯಲ್ಲಿದ್ದ ಚೀಲ ಮುಗಿದಾಗ ಉಸ್ತಾ ತೋಜಿ ಏಣಿ ತರಿಸಿ, ಯಾರಿಗೂ ಏನೂ ಹೇಳದೆ, ತಾನೇ ಹತ್ತಿ ಚೀಲಗಳ ಮೇಲೆ ಕೂತುಬಿಟ್ಟ. ಅವನೇನು ಸಣ್ಣ ಆಸಾಮಿಯಲ್ಲ. ತೊಲೆ ಅವನನ್ನೂ ಹೊತ್ತುಕೊಂಡಿತು.

ಮಾಮರಸೂಲ್ ಮುರಿದ ತುಂಡನ್ನು ಕೆಳಗಿಟ್ಟು, ಕೈ ಕೊಡವಿಕೊಂಡು, ಬೆನ್ನು ಬಗ್ಗಿಸಿ ತೊಲೆಯ ಕೆಳಗೆ ಬಂದ. ಹಾಸಿನ ಅಂಚಿನಲ್ಲಿ ಉಸ್ಸೆಂದು ಕೂತು, ಒಮ್ಮೆ ಮೇಲೆ ನೋಡಿದ. ಸೊಸೆಯಾಗುವವಳು ಕೊಟ್ಟ ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

"ಹೇಳಿ ಬೀಗ್ತಿ," ಎಂದ. "ಮದುವೆ ಯಾವತ್ತು ಇಟ್ಕೊಳ್ಳೋಣ?"